ಹಳೆಯ ಎಪಿಡಯಾಸ್ಕೋಪನ್ನು ಮತ್ತೆ ಹಚ್ಚುವ ಮುನ್ನ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಹಳೆಯ ಹೈಸ್ಕೂಲು ಅಥವಾ ಬಿ.ಎಡ್. ಕಾಲೇಜಿನ ಸ್ಟೋರ್ ರೂಮು ತೆರೆದಾಗ ಮುರಿದ ಬೆಂಚುಗಳ ಹಿಂದೆ ಭಾರವಾದ ತಗಡಿನ ಪೆಟ್ಟಿಗೆಯೊಂದು ಕಂಡರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಸುತ್ತಲೂ ನೋಡಿ. ಮುಂದೆ ಅಂಗೈಗಿಂತ ಅಗಲದ ಲೆನ್ಸ್, ಕೆಳಗೆ ಸ್ಪ್ರಿಂಗ್ ಮೇಲೆ ಏರಿಳಿಯುವ ಹಲಗೆ, ಮೇಲೆ ಬಿಸಿ ಹೋಗಲು ಕಿಂಡಿ ಇದ್ದರೆ ಅದು ಎಪಿಸ್ಕೋಪ್. ಜತೆಗೆ ಗಾಜಿನ ಸ್ಲೈಡ್ ತೂರಿಸುವ ಇನ್ನೊಂದು ಸಣ್ಣ ಲೆನ್ಸೂ ಇದ್ದರೆ ಎಪಿಡಯಾಸ್ಕೋಪ್. ಪಾರದರ್ಶಕ ಹಾಳೆ ಇಡುವ ಓಎಚ್‌ಪಿ ಬೇರೆ ಯಂತ್ರ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದರಲ್ಲಿ ಪುಸ್ತಕದ ಪುಟ, ನಕಾಶೆ, ಎಲೆ, ನಾಣ್ಯ, ಕಲ್ಲಿನ ಚೂರು ಹೀಗೆ ಬೆಳಕು ದಾಟದ ವಸ್ತುವನ್ನೇ ನೇರವಾಗಿ ಗೋಡೆಯ ಮೇಲೆ ತೋರಿಸಬಹುದು. ಇಂಥದೊಂದು ಸಾಧನವನ್ನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 18ನೇ ಶತಮಾನದ ನಡುಭಾಗದಲ್ಲೇ ವಿವರಿಸಿದ್ದ. ಜರ್ಮನಿಯ ಝೈಸ್, ಲೈಟ್ಸ್ ಕಂಪನಿಗಳ ಯಂತ್ರಗಳು ಹೆಸರಾದವು. ನಮ್ಮ ದೇಶದಲ್ಲಿ ಅಂಬಾಲದ ತಯಾರಕರೂ ಮಾಡಿದ್ದಾರೆ.

ಇದನ್ನು ಹಚ್ಚಿ ನೋಡಿದವರೆಲ್ಲ ಹೇಳುವ ಮೊದಲ ಮಾತು, "ಏನೂ ಕಾಣಂಗಿಲ್ಲ, ಬಲ್ಬ್ ಸಣ್ಣದಾತು." ನಿಜವಾಗಿ ಬಲ್ಬಿನದು ಕೊನೆಯ ಪಾಳಿ. ಸ್ಲೈಡ್ ಪ್ರೊಜೆಕ್ಟರಿನಲ್ಲಿ ಬೆಳಕು ಫಿಲ್ಮನ್ನು ದಾಟಿ ನೇರ ಲೆನ್ಸಿಗೆ ಹೋಗುತ್ತದೆ. ಇಲ್ಲಿ ಹಾಗಲ್ಲ, ಕಾಗದಕ್ಕೆ ಬಡಿದ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ, ಅದರಲ್ಲೊಂದು ಚಿಕ್ಕ ಪಾಲು ಮಾತ್ರ ಕನ್ನಡಿ, ಲೆನ್ಸ್ ದಾಟಿ ಗೋಡೆ ಮುಟ್ಟುತ್ತದೆ. 500 ವ್ಯಾಟಿನ ಬಲ್ಬಿದ್ದರೂ ಗೋಡೆಯ ಮೇಲಿನ ಬೆಳಕು ಹತ್ತಿಪ್ಪತ್ತು ಲಕ್ಸ್ ದಾಟುವುದು ಕಷ್ಟ. ಕಿಟಕಿ ತೆರೆದ ತರಗತಿಯಲ್ಲಿ ಅದರ ಹತ್ತಾರು ಪಟ್ಟು ಬೆಳಕು ಮೊದಲೇ ತುಂಬಿರುತ್ತದೆ. ಹಾಗಾಗಿ ಈ ಯಂತ್ರದ ಕೆಲಸವೆಲ್ಲ ಬೆಳಕು ಸೋರದಂತೆ ನೋಡಿಕೊಳ್ಳುವುದು. ಕನ್ನಡಿ ಸ್ವಚ್ಛ ಮಾಡಿ, ಕೋಣೆ ಕತ್ತಲು ಮಾಡಿ, ಚಿತ್ರದ ಅಳತೆಯ ಆಸೆ ತಗ್ಗಿಸಿ. ಇಷ್ಟಾದ ಮೇಲೂ ಸಾಲದಿದ್ದರೆ ಬಲ್ಬಿಗೆ ಕೈಹಾಕಿ.

ಪ್ಲಗ್ ಚುಚ್ಚುವ ಮೊದಲು

ವರ್ಷಗಟ್ಟಲೆ ಬಿದ್ದಿದ್ದ ಯಂತ್ರವನ್ನು "ಹತ್ತುತ್ತದೋ ಇಲ್ಲವೋ" ಎಂದು ನೇರ ಪ್ಲಗ್ಗಿಗೆ ಹಾಕಬೇಡಿ. ಮೈಯೆಲ್ಲ ಲೋಹ, ಒಳಗಿನ ವೈರು ಹಳೆಯ ರಬ್ಬರಿನದು. ಬಲ್ಬಿನ ಬಿಸಿಗೆ ಆ ರಬ್ಬರು ಒಣಗಿ ಪುಡಿಯಾಗಿ, ಬರಿ ತಾಮ್ರ ತಗಡಿಗೆ ತಾಗಿರುವುದು ಸಾಮಾನ್ಯ.

ಮೊದಲು ಮೇಲಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಕೈಯಾಡಿಸಬೇಡಿ. ಬಲ್ಬಿನ ಸುತ್ತ ಬೂದಿ ಅಥವಾ ಬಿಳಿ ಬಣ್ಣದ ನಾರುನಾರಾದ ಹಾಳೆ, ಇಲ್ಲವೆ ವೈರಿನ ಮೇಲೆ ಅಂಥದೇ ನೆಯ್ದ ತೋಳು ಕಂಡರೆ ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದೆಂದೇ ತಿಳಿಯಿರಿ. ಅದನ್ನು ಕೆರೆಯಬಾರದು, ಕತ್ತರಿಸಬಾರದು, ಬ್ಲೋವರ್ ಹಿಡಿದು ಊದಲೇಬಾರದು. ಆ ನಾರು ಪುಪ್ಪುಸ ಸೇರಿದರೆ ಕೇಡು ಎಷ್ಟೋ ವರ್ಷದ ಮೇಲೆ ಕಾಣಿಸಿಕೊಳ್ಳುತ್ತದೆ. ನಾರು ಉದುರುತ್ತಿದ್ದರೆ ಮುಚ್ಚಳ ಹಾಕಿ, ಯಂತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಲ್ಲಿಗೆ ಬಿಡಿ. ಮಕ್ಕಳಿರುವ ಜಾಗದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಅಂಥದೇನೂ ಇಲ್ಲದಿದ್ದರೆ ಮುಂದಿನ ಕೆಲಸ ನಡೆಯಲಿ. ಕಿಂಡಿಗಳಲ್ಲಿ ಕಣಜದ ಮಣ್ಣಿನ ಗೂಡು, ಹಲ್ಲಿ ಮೊಟ್ಟೆ, ಇಲಿ ಕಡಿದ ವೈರು ಇವನ್ನು ಹುಡುಕಿ. ಗಾಳಿ ಕಿಂಡಿ ಮುಚ್ಚಿದ್ದರೆ ಬಲ್ಬ್ ಬೇಗ ಸಾಯುತ್ತದೆ, ಮೇಲಿನ ತಗಡು ಮುಟ್ಟಲಾಗದಷ್ಟು ಕಾಯುತ್ತದೆ. ಒಳಗಿನ ವೈರೆಲ್ಲ ತೆಗೆಸಿ, ಬಿಸಿ ತಡೆಯುವ ಸಿಲಿಕಾನ್ ಅಥವಾ ಫೈಬರ್‌ಗ್ಲಾಸ್ ಹೊದಿಕೆಯ 1.5 ಚದರ ಮಿ.ಮೀ. ವೈರು ಹಾಕಿಸಿ. ಸಾದಾ ಪಿವಿಸಿ ವೈರು ಬಲ್ಬಿನ ಹತ್ತಿರ ಕರಗುತ್ತದೆ. ಮೂರು ಪಿನ್ನಿನ ಪ್ಲಗ್ ಇರಲಿ. ಅರ್ಥ್ ಪಿನ್ನಿಗೂ ಪೆಟ್ಟಿಗೆಯ ಮೈಗೂ ನಡುವೆ ಮಲ್ಟಿಮೀಟರ್ 1 ಓಮಿಗಿಂತ ಕಡಿಮೆ ತೋರಿಸಬೇಕು. 500 ವೋಲ್ಟಿನ ಮೆಗ್ಗರಿನಲ್ಲಿ (ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ ಉಪಕರಣ) ಪರೀಕ್ಷಿಸಿದರೆ ಲೈನಿಗೂ ಮೈಗೂ ನಡುವೆ ಕನಿಷ್ಠ 1 ಮೆಗಾಓಮ್ ಬರಬೇಕು. ಮೋಟಾರ್ ಕಟ್ಟುವ ಅಂಗಡಿಯವರ ಬಳಿ ಮೆಗ್ಗರ್ ಇರುತ್ತದೆ, ಅಲ್ಲೇ ಮಾಡಿಸಿದರಾಯಿತು. ಶಾಲೆಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದ್ದರೆ ಈ ಪರೀಕ್ಷೆಗಳೆಲ್ಲ ವ್ಯರ್ಥ. ಅದಕ್ಕೆ ನೀರು ಹಾಕಿಸಿ.

ಯಂತ್ರದ ಮೇಲಿನ ಫಲಕ ಓದಿ. 110 ವೋಲ್ಟ್ ಎಂದಿದ್ದರೆ ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಇರಬೇಕಿತ್ತು, ಅದಿಲ್ಲದೆ ನೇರ ಹಾಕಿದರೆ ಬಲ್ಬ್ ಒಂದೇ ಕ್ಷಣಕ್ಕೆ ಮುಗಿಯುತ್ತದೆ. 230 ವೋಲ್ಟಿನ 1000 ವ್ಯಾಟಾದರೆ 4.3 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಸಾಕೆಟ್ಟಿಗೇ ಕೊಡಿ. ಎಕ್ಸ್‌ಟೆನ್ಷನ್ ಬಳಸುವುದಾದರೆ ಸುರುಳಿ ಪೂರ್ತಿ ಬಿಚ್ಚಿ ಹಾಸಿ, ಸುತ್ತಿದ ವೈರು ತನ್ನ ಬಿಸಿಗೆ ತಾನೇ ಬೇಯುತ್ತದೆ. ಸಾಧಾರಣ ಇನ್ವರ್ಟರಿನ ಮೇಲೆ ಇದನ್ನು ನಡೆಸುವ ಯೋಚನೆ ಬಿಡಿ.

ಕನ್ನಡಿ: ಅರ್ಧ ಕೆಲಸ ಇಲ್ಲೇ ಇದೆ

ಒಳಗೆ 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಯೇ ಯಂತ್ರದ ಜೀವ. ಹಲಗೆಯ ಮೇಲಿನ ಚಿತ್ರವನ್ನು ಅದು ಲೆನ್ಸಿನ ಕಡೆ ತಿರುಗಿಸುತ್ತದೆ, ಜತೆಗೆ ಎಡಬಲದ ಅದಲುಬದಲನ್ನೂ ಸರಿಮಾಡುತ್ತದೆ. ಕನ್ನಡಿಯಿಲ್ಲದೆ ಬರಿ ಲೆನ್ಸ್ ಇಟ್ಟರೆ ಅಕ್ಷರಗಳು ತಿರುವುಮುರುವಾಗಿ ಬೀಳುತ್ತವೆ. ಕಾಗದವನ್ನು ಹೇಗೆ ತಿರುಗಿಸಿದರೂ ಅದು ನೆಟ್ಟಗಾಗುವುದಿಲ್ಲ.

ಇದು ಮನೆಯ ಕನ್ನಡಿಯಲ್ಲ. ಮನೆಯದರಲ್ಲಿ ಲೇಪ ಗಾಜಿನ ಹಿಂದೆ ಇರುತ್ತದೆ, ಇದರಲ್ಲಿ ಮುಂದೆಯೇ. ಗುರುತು ಹಿಡಿಯಲು ಕಾಗದದ ಮೊನೆಯನ್ನು ಕನ್ನಡಿಯ ಅಂಚಿಗೆ ಮೆಲ್ಲಗೆ ತಂದು ನೋಡಿ. ಮೊನೆಯೂ ಅದರ ಬಿಂಬವೂ ಒಂದನ್ನೊಂದು ಮುಟ್ಟಿದರೆ ಮುಂದಿನ ಲೇಪ, ನಡುವೆ ಸಂದು ಉಳಿದರೆ ಹಿಂದಿನ ಲೇಪ. ಯಾರೋ ಹಿಂದೊಮ್ಮೆ ಒಡೆದ ಕನ್ನಡಿಯ ಜಾಗಕ್ಕೆ ಸಾದಾ 3 ಮಿ.ಮೀ. ಕನ್ನಡಿ ಕೂರಿಸಿದ್ದರೆ ಗಾಜಿನ ಮುಂಭಾಗದಿಂದಲೂ ಒಂದು ಮಸುಕು ಬಿಂಬ ಹುಟ್ಟುತ್ತದೆ. ಒಂಬತ್ತು ಪಟ್ಟು ದೊಡ್ಡದಾದ ಚಿತ್ರದಲ್ಲಿ ಅದು ಗೋಡೆಯ ಮೇಲೆ ಸುಮಾರು 2 ಸೆಂ.ಮೀ. ಪಕ್ಕಕ್ಕೆ ಬಿದ್ದು, ಪ್ರತಿ ಅಕ್ಷರಕ್ಕೂ ಒಂದು ದೆವ್ವ ಅಂಟಿದಂತೆ ಕಾಣುತ್ತದೆ. ಫೋಕಸ್ ಎಷ್ಟು ತಿರುಗಿಸಿದರೂ ಹೋಗದು. ಕನ್ನಡಿಯನ್ನೇ ಬದಲಿಸಬೇಕು.

ಮುಂದಿನ ಲೇಪವೆಂದರೆ ಅಲ್ಯುಮಿನಿಯಂ, ಇನ್ನೂ ಹಳೆಯದಾದರೆ ಬೆಳ್ಳಿ. ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು. ಇಲ್ಲಿ ನಮ್ಮ ಸೀಮೆಯ ಧೂಳಿನ ವಿಷಯ ಬರುತ್ತದೆ. ಸಂಡೂರು, ಬಳ್ಳಾರಿ ಕಡೆಯ ಕೆಂಪು ಧೂಳೆಂದರೆ ಕಬ್ಬಿಣದ ಅದಿರು, ಹೆಮಟೈಟ್. ಗಾಜು, ಚಿನ್ನ ಹೊಳಪು ಮಾಡಲು ಬಳಸುವ ರೂಜ್ ಎಂಬ ಕೆಂಪು ಪುಡಿಯೂ ಇದೇ ಕಬ್ಬಿಣದ ಆಕ್ಸೈಡ್. ಆ ಧೂಳು ಕೂತ ಕನ್ನಡಿಯನ್ನು ಬಟ್ಟೆಯಿಂದ ಒರೆಸುವುದೂ ಲೇಪವನ್ನು ಉಜ್ಜಿ ತೆಗೆಯುವುದೂ ಒಂದೇ. ಗಂಗಾವತಿ, ಸಿಂಧನೂರು, ಮಾನ್ವಿಯ ರೈಸ್ ಮಿಲ್ಲುಗಳ ಸುತ್ತಲಿನ ಹೊಟ್ಟಿನ ಧೂಳೂ ಕಮ್ಮಿಯಲ್ಲ, ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇದೆ, ಅದೂ ಗೀರುತ್ತದೆ.

ಆದ್ದರಿಂದ ಹೀಗೆ ಮಾಡಿ. ಕನ್ನಡಿಯನ್ನು ಚೌಕಟ್ಟು ಸಮೇತ ಹೊರತೆಗೆಯಿರಿ, ಬೆರಳು ಅಂಚಿಗೆ ಮಾತ್ರ ತಾಗಲಿ. ಬಾಯಿಂದ ಊದಬೇಡಿ, ಉಗುಳು ಸಿಡಿಯುತ್ತದೆ. ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬುರುಡೆಯಿಂದ ಗಾಳಿ ಹೊಡೆಯಿರಿ. ಬಹಳ ಸಲ ಇಷ್ಟೇ ಸಾಕು. ಇನ್ನೂ ಮಸುಕಿದ್ದರೆ ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ (ಬ್ಯಾಟರಿ ಅಂಗಡಿಯಲ್ಲಿ ಸಿಗುವುದೇ ಆಗಬಹುದು) ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿ. ಕನ್ನಡಿಯನ್ನು ಓರೆಯಾಗಿಟ್ಟು ಮೇಲಿಂದ ನೀರು ಹರಿಸಿ ಧೂಳು ಹೋಗಲು ಬಿಡಿ. ಆಮೇಲೆ ಮೆಡಿಕಲ್ ಅಂಗಡಿಯ ಹತ್ತಿಯುಂಡೆಯನ್ನು ಅದೇ ನೀರಲ್ಲಿ ಅದ್ದಿ, ಅದರ ಸ್ವಂತ ಭಾರದ ಮೇಲೆಯೇ ಒಂದೇ ದಿಕ್ಕಿಗೆ ಎಳೆಯಿರಿ. ಒತ್ತಬೇಡಿ, ಸುತ್ತು ತಿರುಗಿಸಬೇಡಿ. ಪ್ರತಿ ಎಳೆತಕ್ಕೂ ಹೊಸ ಉಂಡೆ. ಕೊನೆಗೆ ಬರಿ ಡಿಸ್ಟಿಲ್ಡ್ ನೀರು ಹರಿಸಿ, ನೆಟ್ಟಗೆ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಬೋರ್‌ವೆಲ್ ನೀರು ಖಂಡಿತ ಬೇಡ, ಒಣಗಿದ ಮೇಲೆ ಸುಣ್ಣದ ಕಲೆ ಉಳಿದು ಅದನ್ನು ತೆಗೆಯುವಾಗ ಲೇಪವೂ ಬರುತ್ತದೆ. ಬೆಳ್ಳಿ ಲೇಪ ಕಪ್ಪಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಮುಂಭಾಗದ ಲೇಪದ ಹೊಸ ಕನ್ನಡಿ ತರಿಸಿ. ಹಳೆಯದರ ಉದ್ದ, ಅಗಲ, ದಪ್ಪ ಮೂರನ್ನೂ ಅಳೆದು ಕೊಡಿ. ದಪ್ಪ ಬದಲಾದರೆ ಚೌಕಟ್ಟಿನಲ್ಲಿ ಕೂರುವುದಿಲ್ಲ.

ಲೆನ್ಸಿನದು ಇಷ್ಟು ನಾಜೂಕಲ್ಲ. ಬುರುಡೆಯ ಗಾಳಿ, ಮೆದು ಬ್ರಷ್, ಆಮೇಲೆ ಲೆನ್ಸ್ ಕಾಗದಕ್ಕೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್, ನಡುವಿನಿಂದ ಅಂಚಿಗೆ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಲೆನ್ಸ್ ಬಿಚ್ಚಿಸಿ ಒರೆಸಬೇಕು. ಬಿಚ್ಚುವ ಮೊದಲು ಯಾವ ಗಾಜು ಯಾವ ಕಡೆ ಮುಖ ಮಾಡಿತ್ತೆಂದು ಅಂಚಿನ ಮೇಲೆ ಪೆನ್ಸಿಲ್ ಗುರುತು ಹಾಕಿ. ಕೊಳವೆ ಬಿಗಿದು ಫೋಕಸ್ ತಿರುಗದಿದ್ದರೆ ಒಣಗಿದ ಗ್ರೀಸೇ ಕಾರಣ. ಹಳೆಯದನ್ನು ಸೀಮೆಎಣ್ಣೆಯಲ್ಲಿ ಒರೆಸಿ ತೆಗೆದು, ತೆಳ್ಳಗೆ ಹೊಸ ಗ್ರೀಸ್ ಹಚ್ಚಿ.

ಕತ್ತಲೆ ಮತ್ತು ದೂರ

ಕೋಣೆ ಕತ್ತಲಾಯಿತೇ ಎಂದು ತಿಳಿಯಲು ಮೀಟರ್ ಬೇಡ. ಕಿಟಕಿ, ಬಾಗಿಲು ಮುಚ್ಚಿ ಐದು ನಿಮಿಷ ಒಳಗೆ ಕೂತು ಕೈಯಲ್ಲಿ ಪಠ್ಯಪುಸ್ತಕ ತೆರೆಯಿರಿ. ಸಾಲು ಓದಲು ಬಂದರೆ ಇನ್ನೂ ಬೆಳಕು ಸೋರುತ್ತಿದೆ. ತೆಳು ಪರದೆ ಪ್ರಯೋಜನಕ್ಕೆ ಬಾರದು. ಬಳ್ಳಾರಿಯವರಿಗೆ ಒಂದು ಅನುಕೂಲ ಇದೆ, ಜೀನ್ಸ್ ಹೊಲಿಯುವ ಘಟಕಗಳ ಉಳಿಕೆ ಬಟ್ಟೆ. ದಪ್ಪ ಡೆನಿಮ್ಮಿನ ಎರಡು ಪದರ ಸೇರಿಸಿ ಹೊಲಿದು, ಕಿಟಕಿಯ ಚೌಕಟ್ಟಿಗಿಂತ ನಾಲ್ಕೂ ಕಡೆ 15 ಸೆಂ.ಮೀ. ಹೆಚ್ಚು ಇಳಿಬಿಡಿ. ಬೇರೆ ಕಡೆ ಕೌದಿಯಾದರೂ ನಡೆಯುತ್ತದೆ. ಪತ್ರಾಸಿನ ಮಾಡು ಇದ್ದರೆ ಗೋಡೆಗೂ ತಗಡಿಗೂ ನಡುವಿನ ಸಂದಿನಿಂದ ಬರುವ ಬೆಳಕೇ ಹೆಚ್ಚು ಕಾಡುತ್ತದೆ, ಅದನ್ನು ಮರೆಯುವವರೇ ಬಹಳ.

ಕತ್ತಲು ಮಾಡಿದ ಕೋಣೆಯಲ್ಲಿ ಗಾಳಿಯೂ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ರಾಯಚೂರಿನ ಮಧ್ಯಾಹ್ನ 40 ಡಿಗ್ರಿಯ ಮೇಲೆ 1000 ವ್ಯಾಟಿನ ಬಲ್ಬ್ ಹಚ್ಚಿ ಮಕ್ಕಳನ್ನು ಕೂರಿಸುವುದು ಪಾಠವಲ್ಲ, ಶಿಕ್ಷೆ. ಬೆಳಗಿನ ಮೊದಲ ಪೀರಿಯಡ್ ಇಟ್ಟುಕೊಳ್ಳಿ, ಇಲ್ಲವೆ ಬೇಸಿಗೆ ಬಿಟ್ಟುಬಿಡಿ.

ತೆರೆಗೆ ಸುಣ್ಣ ಬಳಿದ ನಯವಾದ ಬಿಳಿ ಗೋಡೆ ಉತ್ತಮ. ಎಣ್ಣೆ ಬಣ್ಣದ ಗೋಡೆ ಹೊಳೆದು ನಡುವೆ ಒಂದು ಬೆಳಕಿನ ಮಚ್ಚೆ ಮಾಡುತ್ತದೆ.

ಇನ್ನು ಅಳತೆ. ಲೆನ್ಸಿನ ಫೋಕಲ್ ದೂರ ಅದರ ಅಂಚಿನ ಮೇಲೆ ಬರೆದಿರುತ್ತದೆ. ಅಳಿಸಿದ್ದರೆ ಲೆನ್ಸನ್ನು ತೆರೆದ ಕಿಟಕಿಯ ಎದುರಿನ ಗೋಡೆಗೆ ಹಿಡಿದು, ಹೊರಗಿನ ದೂರದ ಗುಡ್ಡ ಗೋಡೆಯ ಮೇಲೆ ತಲೆಕೆಳಗಾಗಿ ಸ್ಪಷ್ಟ ಮೂಡುವವರೆಗೆ ಹಿಂದೆಮುಂದೆ ಮಾಡಿ. ಬಳ್ಳಾರಿಯಲ್ಲಿ ಕೋಟೆಯ ಗುಡ್ಡವೇ ಸಾಕು. ಆಗ ಲೆನ್ಸಿನಿಂದ ಗೋಡೆಗಿರುವ ಅಂತರವೇ ಫೋಕಲ್ ದೂರ. ಲೆನ್ಸಿನಿಂದ ತೆರೆಗಿರುವ ದೂರವನ್ನು ಇದರಿಂದ ಭಾಗಿಸಿ ಒಂದು ಕಳೆದರೆ ಚಿತ್ರ ಎಷ್ಟು ಪಟ್ಟು ದೊಡ್ಡದಾಗುತ್ತದೆಂದು ಸಿಗುತ್ತದೆ. 40 ಸೆಂ.ಮೀ. ಲೆನ್ಸು, 4 ಮೀಟರ್ ದೂರ ಎಂದರೆ 9 ಪಟ್ಟು. ಅಂದರೆ 15 ಸೆಂ.ಮೀ. ಚಿತ್ರ 135 ಸೆಂ.ಮೀ. ಆಗುತ್ತದೆ. 3 ಮೀಟರಿಗೆ ತಂದರೆ 97 ಸೆಂ.ಮೀ., 5 ಮೀಟರಿಗೆ ಒಯ್ದರೆ 172 ಸೆಂ.ಮೀ.

5 ಮೀಟರ್ ನೋಡಲು ಭರ್ಜರಿ, ಆದರೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 5 ಮೀಟರಿನಿಂದ 3 ಮೀಟರಿಗೆ ಬಂದರೆ ಹೊಸ ಬಲ್ಬಿಲ್ಲದೆಯೇ ಚಿತ್ರ ಸುಮಾರು 2.8 ಪಟ್ಟು ಬೆಳಗುತ್ತದೆ. ಕೊನೆಯ ಬೆಂಚು 7 ಮೀಟರಿನಲ್ಲಿದ್ದರೆ ತೆರೆಯ ಮೇಲಿನ ಅಕ್ಷರ ಕನಿಷ್ಠ 2 ಸೆಂ.ಮೀ. ಎತ್ತರ ಇರಲಿ. ಕನ್ನಡಕ್ಕೆ ಇನ್ನೂ ಸ್ವಲ್ಪ ಹೆಚ್ಚೇ ಬೇಕು, ಒತ್ತಕ್ಷರಗಳು ಮೊದಲು ಮಸುಕಾಗುತ್ತವೆ. ಹಾಗಾಗಿ ದೂರ ಹೆಚ್ಚಿಸುವ ಬದಲು ಮಕ್ಕಳನ್ನೇ ಮುಂದೆ ಕರೆದು ಕೂರಿಸುವುದು ಒಳ್ಳೆಯದು.

ಲೆನ್ಸಿನ ನಡುವೂ ಚಿತ್ರದ ನಡುವೂ ಒಂದೇ ಎತ್ತರದಲ್ಲಿರಲಿ. ಯಂತ್ರದ ಮುಂಭಾಗಕ್ಕೆ ಇಟ್ಟಿಗೆ ಕೊಟ್ಟು ಎತ್ತಿದರೆ ಚಿತ್ರ ಮೇಲೆ ಅಗಲ, ಕೆಳಗೆ ಸಣ್ಣ ಆಗುತ್ತದೆ. ಟೇಬಲ್ಲನ್ನೇ ಎತ್ತರಿಸಿ.

ಬಲ್ಬು

ಹಳೆಯ ಪ್ರೊಜೆಕ್ಷನ್ ಬಲ್ಬಿಗೆ ಉರಿಯುವ ಭಂಗಿ ಗೊತ್ತುಮಾಡಿರುತ್ತದೆ, ಅದನ್ನು ಮೀರಿ ಅಡ್ಡ ಹಾಕಿದರೆ ತಂತಿ ಜೋತು ಗಾಜಿಗೆ ತಾಗುತ್ತದೆ. ವೋಲ್ಟೇಜಿನ ಏರಿಳಿತವೂ ಇದಕ್ಕೆ ಮಾರಿ. 230 ವೋಲ್ಟಿನ ಬಲ್ಬಿಗೆ 250 ಕೊಟ್ಟರೆ ಆಯಸ್ಸು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ಲೈನು 200ಕ್ಕೆ ಕುಸಿದರೆ ಬೆಳಕು ಆರಾಣೆಯಷ್ಟು ಸೋರಿ ಹತ್ತಾಣೆಯಷ್ಟೇ ಉಳಿಯುತ್ತದೆ, ಬಣ್ಣವೂ ಹಳದಿಗೆ ತಿರುಗುತ್ತದೆ. ಸ್ಟೆಬಿಲೈಸರ್ ಇದ್ದರೆ ಎರಡೂ ತೊಂದರೆ ಇಲ್ಲ. ಹ್ಯಾಲೊಜೆನ್ ಹಾಕುವುದಾದರೆ ಬರಿಗೈಯಲ್ಲಿ ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಕಾಯ್ದು ಹಾಳಾಗುತ್ತದೆ.

ಮೂಲ ಬಲ್ಬ್ ಸಿಗದಿದ್ದರೆ ಎಲ್‌ಇಡಿಗೆ ಬದಲಿಸುವುದೇ ಜಾಣತನ, ಬಿಸಿಯ ಮುಕ್ಕಾಲು ತಾಪತ್ರಯ ತಪ್ಪುತ್ತದೆ. 50 ವ್ಯಾಟಿನ ಎರಡು ಸಿಒಬಿ (ಒಂದೇ ಬಿಲ್ಲೆಯ ಮೇಲೆ ಹಲವು ಚಿಪ್ಪು ಕೂರಿಸಿದ) ಎಲ್‌ಇಡಿ, ವ್ಯಾಟಿಗೆ 100 ಲ್ಯೂಮೆನ್ ಕೊಡುವಂಥವು, ಹಳೆಯ 500 ವ್ಯಾಟಿನ ಬಲ್ಬಿಗೆ ಹತ್ತಿರ ಬರುತ್ತವೆ. ಬಣ್ಣ 4000ದಿಂದ 5000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆಂಬ ಅಂಕ) 90ರ ಮೇಲೆ ಇರಲಿ. ಇಲ್ಲವಾದರೆ ಕೆಂಪು ಅದಿರು ಕಂದಾಗಿ ಕಾಣುತ್ತದೆ. ಎಲ್‌ಇಡಿ ಒಂದೇ ಕಡೆ ಬೆಳಕು ಚೆಲ್ಲುವುದರಿಂದ ಹಿಂದಿನ ಪ್ರತಿಫಲಕ ಕೆಲಸಕ್ಕೆ ಬಾರದು. ಎರಡನ್ನೂ ಹಲಗೆಯ ಎದುರುಬದುರು ಬದಿಗಳಿಂದ 45 ಡಿಗ್ರಿ ಓರೆಯಲ್ಲಿ ಚಿತ್ರಕ್ಕೇ ಗುರಿಯಿಡಿ. ಅವುಗಳ ಬೆಳಕು ನೇರ ಲೆನ್ಸಿಗೆ ಬಿದ್ದರೆ ಚಿತ್ರವೆಲ್ಲ ಹಾಲು ಚೆಲ್ಲಿದಂತಾಗುತ್ತದೆ, ನಡುವೆ ಕಪ್ಪು ಬಳಿದ ತಗಡಿನ ತಡೆ ಇಡಿ. ಪ್ರತಿಯೊಂದಕ್ಕೂ ಫ್ಯಾನ್ ಇರುವ ಅಲ್ಯುಮಿನಿಯಂ ಹೀಟ್‌ಸಿಂಕ್ ಬೇಕು, ನಡುವೆ ಥರ್ಮಲ್ ಪೇಸ್ಟ್. ಡ್ರೈವರ್ (ಚಿಪ್ಪಿಗೆ ತಕ್ಕ ಕರೆಂಟ್ ಕೊಡುವ ಸರ್ಕ್ಯೂಟ್) ಇಲ್ಲದೆ ನೇರ 230 ವೋಲ್ಟಿಗೆ ಹಾಕುವ ಅಗ್ಗದ ಚಿಪ್ಪುಗಳು ಬರುತ್ತವೆ. ಅವುಗಳ ಹಾಳೆಯ ಮೇಲೇ ಮೇನ್ಸ್ ಕರೆಂಟ್ ಇರುತ್ತದೆ, ಲೋಹದ ಪೆಟ್ಟಿಗೆಯಲ್ಲಿ ಅವು ಬೇಡವೇ ಬೇಡ. ಪ್ರತ್ಯೇಕ ಐಸೊಲೇಟೆಡ್ (ಮೇನ್ಸಿನಿಂದ ಬೇರ್ಪಡಿಸಿದ) ಡ್ರೈವರ್ ಇರುವುದನ್ನೇ ಕೊಳ್ಳಿ.

ಪಾಠದ ಹೊತ್ತಿಗೆ

ಹಲಗೆ ಇಳಿಸಿ, ಚಿತ್ರವನ್ನು ಮುಖ ಮೇಲಾಗಿ ಇಟ್ಟು, ಮೇಲೆ ಗಾಜು ಬರುವಂತೆ ಏರಿಸಿ. ತಲೆಕೆಳಗೆ ಬಂದರೆ ಪುಸ್ತಕವನ್ನು ತಿರುಗಿಸಿದರಾಯಿತು. ಹಚ್ಚುವಾಗ ಮೊದಲು ಯಂತ್ರದ ಫ್ಯಾನು, ಆಮೇಲೆ ಬಲ್ಬು. ಆರಿಸುವಾಗ ಮೊದಲು ಬಲ್ಬು, ಹತ್ತು ನಿಮಿಷದ ಮೇಲೆ ಫ್ಯಾನು. ಬಿಸಿಯಿರುವಾಗ ಯಂತ್ರ ಎತ್ತಿ ಕುಲುಕಿದರೆ ತಂತಿ ತುಂಡಾಗುತ್ತದೆ.

ಟಂಗ್‌ಸ್ಟನ್ ಬಲ್ಬಿನಡಿ ಒಂದು ಪುಟ ಎರಡು ನಿಮಿಷ ಮೀರದಿರಲಿ. ಫೋಟೊ ಸುರುಳುತ್ತದೆ, ಹಳೆಯ ಕಾಗದ ಕಂದುಗಟ್ಟುತ್ತದೆ. ತಾಳೆಗರಿ, ಮನೆತನದ ದಾಖಲೆ, ಮೂಲ ಫೋಟೊ ಯಾವತ್ತೂ ಇಡಬಾರದು, ಅವುಗಳ ಜೆರಾಕ್ಸ್ ಸಾಕು. ಜೀವಂತ ಹುಳು ಹುಪ್ಪಡಿಯನ್ನೂ ಇಡಬೇಡಿ.

ಫೋಕಸ್ಸಿನ ಆಳ ಬಹಳ ಕಡಿಮೆ, 40 ಸೆಂ.ಮೀ. ಫೋಕಲ್ ದೂರದ 10 ಸೆಂ.ಮೀ. ಅಗಲದ ಲೆನ್ಸಿಗೆ ಮೇಲೆ ಕೆಳಗೆ ಒಂದೂವರೆ ಮಿ.ಮೀ. ಅಷ್ಟೆ. ದಪ್ಪ ಪುಸ್ತಕದ ನಡುಮಡಿಕೆ ಮಸುಕಾಗುವುದು ಇದೇ ಕಾರಣಕ್ಕೆ. ಅದಿರಿನ ಚೂರು, ಹತ್ತಿಯ ಕಾಯಿ ಇಂಥ ಎತ್ತರದ ವಸ್ತು ಇಟ್ಟಾಗ ಲೆನ್ಸಿನ ಮುಂದೆ ಅರ್ಧ ವ್ಯಾಸದ ತೂತಿರುವ ಕಪ್ಪು ರಟ್ಟು ಸಿಕ್ಕಿಸಿ. ಆಳ ಇಮ್ಮಡಿಯಾಗುತ್ತದೆ, ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ಯಂತ್ರವನ್ನು 4 ಮೀಟರಿನಿಂದ 2 ಮೀಟರಿಗೆ ತಂದರೆ ಆ ನಷ್ಟ ತುಂಬುತ್ತದೆ.

ಏನು ತೋರಿಸಬೇಕೆಂಬುದರಲ್ಲೂ ಲೆಕ್ಕವಿದೆ. ಗಾಢ ಬಣ್ಣದ ಹೊಳಪು ಪುಟಗಳು ಈ ಯಂತ್ರಕ್ಕೆ ಒಗ್ಗುವುದಿಲ್ಲ, ಗಾಜಿನ ಹಾಗೆ ಮಿಂಚಿ ಬಿಳಿ ಮಚ್ಚೆ ಕೊಡುತ್ತವೆ. ಕಪ್ಪುಬಿಳುಪಿನ ಸ್ಪಷ್ಟ ಗೆರೆ ಇದ್ದದ್ದು ಗೆಲ್ಲುತ್ತದೆ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಮಸ್ಕಿ ಶಾಸನದ ಅಚ್ಚು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಬ್ರಾಹ್ಮಿ ಅಕ್ಷರ, ಇದಕ್ಕೆಂದೇ ಮಾಡಿಸಿದಂತಿದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳ ಅಚ್ಚನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರವನ್ನು ಹೋಲಿಸಿ ಪಾಠ ಮಾಡಬಹುದು. ಸಂಗನಕಲ್ಲಿನ ಕಲ್ಲುಕೊಡಲಿಯ ರೇಖಾಚಿತ್ರ, ಭತ್ತದ ತೆನೆ, ರೋಗ ಬಿದ್ದ ಹತ್ತಿ ಎಲೆ ಚೆನ್ನಾಗಿ ಬರುತ್ತವೆ. ಗೋಡೆಗೆ ಡ್ರಾಯಿಂಗ್ ಹಾಳೆ ಅಂಟಿಸಿ ನಕಾಶೆಯನ್ನು ಅದರ ಮೇಲೆ ಬಿಟ್ಟು ಮಕ್ಕಳಿಂದಲೇ ಗೆರೆ ಎಳೆಸಿದರೆ ಒಂದೇ ಪೀರಿಯಡ್‌ನಲ್ಲಿ ತುಂಗಭದ್ರೆಯ ಕಾಲುವೆಗಳ ದೊಡ್ಡ ನಕ್ಷೆ ಸಿದ್ಧ. ಈಗಿನ ಡಿಜಿಟಲ್ ಪ್ರೊಜೆಕ್ಟರೂ ಇದನ್ನು ಮಾಡೀತು, ಆದರೆ ಎಲೆಯನ್ನು ಕಿತ್ತು ತಂದು ಹಾಗೇ ಇಡಲು ಅದಕ್ಕೆ ಬೇರೆ ಕ್ಯಾಮೆರಾ ಬೇಕು.

ಚಿತ್ರದ ಒಂದು ಪಕ್ಕ ಕಪ್ಪಾದರೆ ಬಲ್ಬ್ ಜಾಗ ತಪ್ಪಿದೆ, ಇಲ್ಲವೆ ಎರಡರಲ್ಲಿ ಒಂದು ಹೋಗಿದೆ. ಏನೂ ಬಾರದೆ ಬರಿ ಬೆಳಕು ಬಂದರೆ ಎಪಿ (ಕಾಗದ), ಡಯಾ (ಸ್ಲೈಡ್) ಬದಲಿಸುವ ಹಿಡಿಕೆ ನಡುವೆ ನಿಂತಿದೆ. ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು ಎಂದರೆ ಕನ್ನಡಿ ಚೌಕಟ್ಟಿನಲ್ಲಿ ಓರೆ ಕೂತಿದೆ, ಅಥವಾ ಯಂತ್ರ ಗೋಡೆಗೆ ನೇರವಾಗಿಲ್ಲ. ಸುಟ್ಟ ವಾಸನೆ ಬಂದರೆ ಕಾರಣ ಹುಡುಕುತ್ತ ನಿಲ್ಲಬೇಡಿ, ಮೊದಲು ಪ್ಲಗ್ ಕೀಳಿ.

ಇಡುವಾಗ ಪ್ಲಾಸ್ಟಿಕ್ ಬೇಡ, ಹತ್ತಿ ಬಟ್ಟೆ ಮುಚ್ಚಿ. ಮಳೆಗಾಲದಲ್ಲಿ ಒಳಗೆ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ ಇಟ್ಟು, ತಿಂಗಳಿಗೊಮ್ಮೆ ಯಂತ್ರವನ್ನು ಹತ್ತು ನಿಮಿಷ ಹಚ್ಚಿ. ಲೆನ್ಸಿಗೆ ಮುಚ್ಚಳ ಕಡ್ಡಾಯ. ಅದು ಧೂಳಿಗಾಗಿ ಮಾತ್ರವಲ್ಲ. ಇಷ್ಟು ಅಗಲದ ಲೆನ್ಸ್ ಬಿಸಿಲು ಬೀಳುವ ಕಿಟಕಿಯ ಎದುರು ಬರಿದಾಗಿ ಕೂತರೆ ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸಿ ಪೆಟ್ಟಿಗೆಯೊಳಗಿನ ಕಾಗದಕ್ಕೋ ಬಟ್ಟೆಗೋ ಬೆಂಕಿ ಹಚ್ಚಬಲ್ಲದು.